ಕೆಂಪು ಬೊಟ್ಟಿನ ತೋಟಾಗಳು

ಪೊಲೀಸ್ ಇಲಾಖೆಯಲ್ಲಿ ಬಂದೂಕು ದುರಸ್ತಿ ಮಾಡುವ ಆರ್ಮರರ್ ಆಗಿದ್ದ ನಾನು, ನಿವೃತ್ತನಾದ ಮೇಲೆ ಕನಕಪುರ ರಸ್ತೆಯ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಅದೇ ಕೆಲಸಕ್ಕೆ ಸೇರಿದೆ. ಈ ಸಂಗತಿ ನಡೆದದ್ದು ಕೊರೋನಾ ಕಳೆದ ಮರುವರ್ಷ. ಹಾರುವ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುವವರಿಗಾಗಿ ಖಾಲಿ ತೋಟಾಗಳನ್ನು ಮತ್ತೆ ತುಂಬಲು ಕ್ಲಬ್ಬಿಗೆ ಅನುಮತಿಯಿತ್ತು.

ತುಂಬುವುದು ದೊಡ್ಡದಲ್ಲ, ಖಾಲಿ ತೋಟಾ ಆರಿಸುವುದೇ ಕಷ್ಟ. ಶಾಟ್‌ಗನ್ ತೋಟಾದ ಮೈ ಪ್ಲಾಸ್ಟಿಕ್ಕಿನದು, ತಳ ಲೋಹದ್ದು. ಹಾರಿಸಿದಾಗ ತಳ ಉಬ್ಬುತ್ತದೆ. ಹಿತ್ತಾಳೆ ತಳವಾದರೆ ಒತ್ತಿ ಮೊದಲಿನ ಅಳತೆಗೆ ತರಬಹುದು. ಹಿತ್ತಾಳೆ ಬಣ್ಣ ಹೊದ್ದ ಉಕ್ಕಿನ ತಳ ಮೊಂಡು. ಒತ್ತಿದರೂ ಕೊಂಚ ಉಬ್ಬು ಉಳಿದು, ನಳಿಗೆಯ ಹಿಂಬದಿಯ ಚೇಂಬರ್‌ನಲ್ಲಿ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಒತ್ತುವ ಮೊದಲು ಅಯಸ್ಕಾಂತ, ಒತ್ತಿದ ಮೇಲೆ ಅಳತೆಯ ಬಳೆ. ಅಯಸ್ಕಾಂತಕ್ಕೆ ಅಂಟಿದ್ದು, ಬಳೆಯಲ್ಲಿ ಸಲೀಸಾಗಿ ಇಳಿಯದ್ದು ಕಸಕ್ಕೆ.

ಈ ಕೆಲಸ ಪುಟ್ಟಸ್ವಾಮಿಯದು. ಚನ್ನಪಟ್ಟಣದಲ್ಲಿ ಮೂವತ್ತು ವರ್ಷ ಬೊಂಬೆ ಕಡೆದವನು, ನನ್ನ ಬಾಲ್ಯದ ಗೆಳೆಯ. ನಾನೇ ಕರೆತಂದು ಸೇರಿಸಿದ್ದೆ. ಪರೀಕ್ಷೆಯಲ್ಲಿ ಪಾಸಾದ ತೋಟಾದ ತಳಕ್ಕೆ ಕೆಂಪು ಅರಗುಬಣ್ಣದ ಬೊಟ್ಟಿಡುವ ಉಪಾಯ ಅವನದೇ. ಬೊಟ್ಟು ಕಂಡರೆ ನಾನು ಮತ್ತೆ ನೋಡುತ್ತಿರಲಿಲ್ಲ.

ಆ ವರ್ಷ ರಾಜ್ಯ ಸ್ಪರ್ಧೆಗೆ ಕ್ಲಬ್ಬಿನಿಂದ ಒಬ್ಬರಿಗಷ್ಟೇ ಅವಕಾಶ. ಆಯ್ಕೆಯ ದಿನ ಎಲ್ಲರಿಗಿಂತ ಮುಂದಿದ್ದವಳು ಭವ್ಯ, ಕೋಡಿಹಳ್ಳಿಯ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಕೊನೆಯ ಸುತ್ತಿನಲ್ಲಿ ಕ್ಲಬ್ಬು ತುಂಬಿಕೊಟ್ಟ ತೋಟಾ ಅವಳು ಹಾರಿಸಿದ ಮೇಲೆ ಮೂರು ಸಲ ಚೇಂಬರ್‌ನಲ್ಲಿ ಸಿಕ್ಕಿಕೊಂಡಿತು. ಪ್ರತಿ ಸಲ ನಾನು ಕೋಲಿನಿಂದ ತಳ್ಳಿ ತೆಗೆಯುವಷ್ಟರಲ್ಲಿ ಸರದಿ ತಪ್ಪುತ್ತಿತ್ತು. ತೋಟಾದ ದೋಷವಾದರೆ ಆ ಸುತ್ತನ್ನು ಮತ್ತೆ ಆಡಬಹುದು, ಬಂದೂಕಿನ ದೋಷವಾದರೆ ಇಲ್ಲ, ಇದು ಕ್ಲಬ್ಬಿನ ನಿಯಮ. ತೀರ್ಪು ಆರ್ಮರರ್‌ನದು.

"ಸಾರ್, ನನ್ ಗನ್ ಸರಿಯಾಗೇ ಐತೆ. ನಿನ್ನೆ ತಾನೇ ಕ್ಲೀನ್ ಮಾಡಿವ್ನಿ. ತೋಟಾ ಒಸಿ ನೋಡಿ" ಎಂದಳು.

ನಾನು ತೋಟಾ ತಿರುಗಿಸಿದೆ. ಕೆಂಪು ಬೊಟ್ಟಿತ್ತು. ಪಕ್ಕದಲ್ಲೇ ನಿಂತಿದ್ದ ಪುಟ್ಟಸ್ವಾಮಿಯ ಮುಖ ನೋಡಿದೆ.

"ಚೇಂಬರ್ ಗಲೀಜಾಗಿರ್ಬೇಕು ಕಣವ್ವ" ಎಂದ ಅವನು, ಸ್ವಲ್ಪವೂ ತಡವರಿಸದೆ.

ಬಂದೂಕಿನ ದೋಷ ಎಂದು ಬರೆದು ಸಹಿ ಹಾಕಿದೆ. ಭವ್ಯ ಬಂದೂಕನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಸ್ಪರ್ಧೆಗೆ ಬೇರೊಬ್ಬರ ಹೆಸರು ಹೋಯಿತು.

ಹತ್ತು ದಿನದ ಮೇಲೆ ಹೊಚ್ಚ ಹೊಸ ಬಂದೂಕೊಂದರಲ್ಲೂ ತೋಟಾ ಕಚ್ಚಿಕೊಂಡಿತು. ಬೊಟ್ಟಿಟ್ಟ ಖಾಲಿ ತೋಟಾಗಳ ಡಬ್ಬಕ್ಕೆ ಅಯಸ್ಕಾಂತ ಇಳಿಸಿ ಎತ್ತಿದೆ. ಗೊಂಚಲುಗೊಂಚಲಾಗಿ ಅಂಟಿಕೊಂಡು ಬಂದವು.

"ಏನ್ಲಾ ಇದು?" ಎಂದೆ.

ಪುಟ್ಟಸ್ವಾಮಿ ತಲೆ ತಗ್ಗಿಸಲೂ ಇಲ್ಲ. "ಒಂದೊಂದೇ ಹಿಡ್ಕೊಂಡು ಎಷ್ಟೂಂತ ನೋಡ್ಲಿ? ಸಾಲಾಗಿಟ್ಟು ಬೊಟ್ಟು ಇಟ್ಬುಟ್ಟೆ. ನೀನು ಬೊಟ್ಟು ನೋಡ್ತೀಯ ಹೊರ್ತು ತಳ ನೋಡಲ್ಲ ಅಂತ ಗೊತ್ತಿತ್ತು ಕಣ್ಲಾ."

"ಆ ಹುಡುಗಿ ಅಷ್ಟು ಹೇಳಿದ್ರೂ ಬಾಯಿ ಬಿಡ್ಲಿಲ್ವಲ್ಲೋ!"

"ನೀನೇ ನನ್ ಮುಖ ನೋಡ್ದೆ. ಇನ್ನೇನ್ ಹೇಳಾದು?"

ಸೋಮಾರಿತನವನ್ನು ಕ್ಷಮಿಸುತ್ತಿದ್ದೆನೇನೋ. ನನ್ನ ನಂಬಿಕೆಯ ಅಳತೆ ತಿಳಿದು ಅದರ ಮೇಲೆಯೇ ಕೂತಿದ್ದನಲ್ಲ, ಅದನ್ನು ಇಂದಿಗೂ ಕ್ಷಮಿಸಲಾಗಿಲ್ಲ. ಅವನೊಂದಿಗೆ ಮಾತು ಬಿಟ್ಟೆ. ನನ್ನ ತೀರ್ಪು ತಪ್ಪೆಂದು ಕ್ಲಬ್ಬಿಗೆ ಬರೆದುಕೊಟ್ಟೆ. ಅಷ್ಟರಲ್ಲಿ ಸ್ಪರ್ಧೆ ಮುಗಿದಿತ್ತು.

ಮರುದಿನ ಬೆಳಿಗ್ಗೆ ಕೋಡಿಹಳ್ಳಿಗೆ ಹೋದೆ. ಭವ್ಯ ಡೈರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು ನೀರು ಬೆರೆತಿದೆಯೇ ಎಂದು ನೋಡುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. "ಗೆಳೆಯ ಅಂತ ನಂಬಿಬಿಟ್ಟೆನಮ್ಮ, ಮೋಸ ಮಾಡಿದ" ಎಂದೆ.

ಅವಳು ಮುಂದಿನ ಕ್ಯಾನ್ ಎಳೆದುಕೊಂಡಳು. "ಈ ಹಾಲು ನಮ್ಮಪ್ಪ ತಂದಿರೋದು ಸಾರ್" ಎಂದು ಅದಕ್ಕೂ ಲ್ಯಾಕ್ಟೋಮೀಟರ್ ಇಳಿಸಿದಳು. "ನಿಮಗೆ ಅವ್ರು ಮೋಸ ಮಾಡಿದ್ರು. ನನಗೆ ಮಾಡಿದ್ದು ಯಾರು?"

ತೋಟಾ ಕಚ್ಚಿಕೊಂಡರೆ ಮೊದಲು ತೋಟಾ ನೋಡು, ಆಮೇಲೆ ಬಂದೂಕು ನೋಡು ಎಂದು ನಮಗೆ ತರಬೇತಿಯ ಮೊದಲ ವಾರವೇ ಕಲಿಸಿದ್ದರು. ನಾನು ನೋಡಿದ್ದು ಗೆಳೆಯನ ಮುಖ. ಈಗ ಕೆಂಪು ಬೊಟ್ಟಿಲ್ಲ. ಪ್ರತಿಯೊಂದು ತೋಟಾವನ್ನೂ ನಾನೇ ಬಳೆಗೆ ಇಳಿಸುತ್ತೇನೆ. ಭವ್ಯ ಮಾತ್ರ ಮತ್ತೆ ಕ್ಲಬ್ಬಿಗೆ ಬರಲಿಲ್ಲ.