ಧಣಿಯ ರಿವಾಲ್ವರಿಗೆ ಗುಂಡು ಆರಿಸಿದ್ದು

ನಮ್ಮ ಮನೆಯಿಂದ ಒಬ್ಬ ಬಿ.ಕಾಂ. ಮುಗಿಸುವುದು ಆಗದ ಮಾತು ಎಂದವರು ನನ್ನ ಸೋದರಮಾವ. "ಕೋವಿ ಹೊರುವವನ ಮಗ ಪೆನ್ನು ಹಿಡಿದು ಎಂತ ಮಾಡ್ತಾನೆ ಮಾರಾಯ್ತಿ?" ಎಂದು ಅಮ್ಮನಲ್ಲಿ ಕೇಳಿದ್ದರು. ಅಪ್ಪ ಗೇರುತೋಟದ ಕಾವಲುಗಾರ. ತೋಟದವರ ಕೋವಿಯನ್ನು ಹೆಗಲಿಗೆ ಹಾಕಿಕೊಂಡೇ ಅವರ ಪ್ರಾಯ ಕಳೆಯಿತು. ಮಗನ ಹೆಗಲಿಗೆ ಅದು ಬರಬಾರದು, ಅವರಿಗಿದ್ದದ್ದು ಅದೊಂದೇ ಹಟ. ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದೆ, ಮೂರನೇ ಸಲ ಪಾಸಾದೆ. ಹೇಳಲು ನನಗೆ ನಾಚಿಕೆಯಿಲ್ಲ.

ಸರಕಾರಿ ಕೆಲಸದ ಪಿ.ಎಸ್.ಸಿ. ರ್‍ಯಾಂಕ್ ಲಿಸ್ಟಿನಲ್ಲಿ ಮಾತ್ರ ನನ್ನ ಹೆಸರು ಬರಲೇ ಇಲ್ಲ. ಬದಿಯಡ್ಕದ ಅಡಿಕೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತನಾದೆ.

ಅಲ್ಲಿ ಏಳನೆಯ ವರ್ಷ. ಬೆಳ್ಳೂರಿನ ದಾರಿಯಲ್ಲಿ ಇನ್ನೊಬ್ಬ ವ್ಯಾಪಾರಿಯ ಜೀಪು ತಡೆದು ಯಾರೋ ಹಣದ ಚೀಲ ಕಿತ್ತುಕೊಂಡು ಹೋದರು. ನಮ್ಮ ಧಣಿಗೆ ಹೆದರಿಕೆ ಹಿಡಿಯಿತು. ಲೈಸೆನ್ಸಿನ ರಿವಾಲ್ವರ್ ಅವರಲ್ಲಿತ್ತು. ಆದರೆ ಅದರ ಗುಂಡುಗಳನ್ನು ತೇವ ತಾಗಬಾರದೆಂದು ಬೆಲ್ಲ, ಹುಣಸೆಹುಳಿಯ ಜೊತೆ ಒಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದರು. ಹತ್ತು ವರ್ಷ ಹೊಗೆ, ಕಾವು. ಗುಡ್ಡೆಯಲ್ಲಿ ಪರೀಕ್ಷೆಗೆಂದು ಟ್ರಿಗರ್ ಎಳೆದರೆ ಟಿಕ್ ಎಂದಿತು. ಆರಕ್ಕೆ ಆರೂ ಟಿಕ್.

ಹೊಸ ಗುಂಡು ತರಲು ಮಂಗಳೂರಿಗೆ ನನ್ನನ್ನೂ ಕರೆದೊಯ್ದರು. ನಾನು ಎರಡು ದಿನ ಇಂಟರ್ನೆಟ್ಟಿನಲ್ಲಿ ಓದಿಕೊಂಡಿದ್ದೆ. ಅಮೆರಿಕದವರು ನೈನ್ ಎಂ.ಎಂ. ಗುಂಡು ಒಳ್ಳೆಯದೋ ಫಾರ್ಟಿಫೈವ್ ಒಳ್ಳೆಯದೋ ಎಂದು ಪುಟಗಟ್ಟಲೆ ಜಗಳಾಡಿದ್ದರು. ನಮ್ಮ ಕಾನೂನು ಆ ಜಗಳವನ್ನೇ ಉಳಿಸಿಲ್ಲ. ಆತ್ಮರಕ್ಷಣೆಗೆ ನಮ್ಮಂಥವರಿಗೆ ಸಿಗುವುದು ಹೆಚ್ಚಾಗಿ ಥರ್ಟಿಟೂ ಅಳತೆಯದ್ದು.

ಕೋವಿ ಅಂಗಡಿಯಲ್ಲಿ ಧಣಿ ಒಂದು ಪೆಟ್ಟಿಗೆ ಎತ್ತಿಕೊಂಡರು. "ಇದು ಥರ್ಟಿಟೂವೇ ಅಲ್ವನಾ?"

"ಅದು ಪಿಸ್ತೂಲಿದ್ದು ಧಣಿ. ನಮ್ಮದು ರಿವಾಲ್ವರ್. ಅಳತೆ ಒಂದೇ ಅಂತ ಹೇಳಿ ಆಗುವುದಿಲ್ಲ, ಗುಂಡಿನ ತೋಟೆ ಬೇರೆ."

ಅಂಗಡಿಯವರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು. ಮತ್ತೆರಡು ಪೆಟ್ಟಿಗೆ ಇಟ್ಟರು: ಸರಕಾರಿ ಕಾರ್ಖಾನೆಯ ಬರೀ ಸೀಸದ ಗುಂಡು, ಹೊರದೇಶದ ತಾಮ್ರ ಹೊದಿಸಿದ ಗುಂಡು. ಧಣಿಯ ಕೈ ಹೊಳೆಯುವುದರ ಕಡೆಗೆ ಹೋಯಿತು.

"ತಾಮ್ರದ್ದು ಆಚೆ ತೂರಿ ಹೋಗುವುದು ಜಾಸ್ತಿ," ಎಂದೆ. "ಪೇಟೆಯಲ್ಲಿ ಕಳ್ಳನ ಹಿಂದೆ ಬಸ್ಸಿಗೆ ಕಾಯುವವರು ನಿಂತಿರ್ತಾರೆ. ಸೀಸದ್ದೇ ಸಾಕು."

"ನಿಮ್ಮ ಗುಮಾಸ್ತ ಅಲ್ಲ ಇವರು, ಮಾಸ್ಟ್ರು!" ಅಂಗಡಿಯವರು ನಕ್ಕರು.

ನನಗೆ ಎದೆ ಉಬ್ಬಿತು. ಓದಿದ್ದು ಒಂದು ಕಡೆ ಉಪಯೋಗಕ್ಕೆ ಬಂತು ಎನಿಸಿತು. ಅಷ್ಟರಲ್ಲಿ ಧಣಿ ಪೆಟ್ಟಿಗೆಯನ್ನು ನನ್ನ ಕಡೆಗೆ ದೂಡಿದರು.

"ಹಾಗಾದ್ರೆ ನೀನೇ ಇಟ್ಕೊ. ನನ್ನ ಕೈ ನಡುಗ್ತದೆ. ಲೈಸೆನ್ಸಿಗೆ ನಿನ್ನ ಹೆಸರೂ ಸೇರಿಸುವ. ಎಂತದೋ ತರಬೇತಿ ಸರ್ಟಿಫಿಕೇಟ್ ಬೇಕಂತೆ, ಮಾಡಿಸು."

"ನಾನು ಲೆಕ್ಕ ಬರೆಯುವವ ಧಣಿ."

"ಲೆಕ್ಕ ಬರೆಯುವವರು ಬೇಕಾದಷ್ಟು ಉಂಟು ಮಾರಾಯ," ಎಂದರು. ಸಿಟ್ಟಿನಿಂದಲ್ಲ, ನಗುತ್ತಲೇ.

ಬಸ್ಸಿನಲ್ಲಿ ಬರುವಾಗ ಬೇರೆ ಯಾವ ಅಂಗಡಿ, ಯಾವ ಸೊಸೈಟಿ ಎಂದು ಯೋಚಿಸಿ ನೋಡಿದೆ. ನಾನು ಮೊದಲೇ ಕೆಲಸ ಕೇಳಿ ಬಂದಿಲ್ಲದ ಜಾಗ ಒಂದೂ ಇರಲಿಲ್ಲ.

ತರಬೇತಿಗೆ ಹೋದೆ. ರಟ್ಟಿನ ಮನುಷ್ಯನಿಗೆ ಗುರಿಯಿಟ್ಟು ಹೊಡೆದೆ. ಮೊದಲ ಈಡಿಗೆ ಮಣಿಕಟ್ಟು ಹಾರಿತು, ಆಮೇಲೆ ಅಭ್ಯಾಸವಾಯಿತು. ಅದೇ ನನಗೆ ಹೆಚ್ಚು ಬೇಸರ ತಂದದ್ದು. ಕಲಿಸಿದವರು ಕೈಕುಲುಕಿ, ನನ್ನ ಫೋಟೋ ಅಂಟಿಸಿದ ಸರ್ಟಿಫಿಕೇಟನ್ನು ಕೊಟ್ಟರು.

ಮನೆಗೆ ಬಂದು ಅದನ್ನು ಅಪ್ಪನ ಕೈಗಿಟ್ಟೆ. ಅವರು ಎರಡೂ ಬದಿ ತಿರುಗಿಸಿ, ಮೊಹರಿನ ಮೇಲೆ ಬೆರಳಾಡಿಸಿದರು. ಎಂತದ್ದೆಂದು ಹೇಳಿದೆ. ಕಾಗದವನ್ನು ಹಿಂದೆ ಕೊಟ್ಟರು.

"ನನಗೆ ಈ ಕೆಲಸ ಓದದೇ ಸಿಕ್ಕಿತ್ತು ಮಗಾ."