ದರ್ಜಿ ಅತ್ತೆಯ ಬಾಯಿ

ಸ್ವಾತಂತ್ರ್ಯದ ಯುದ್ಧ ಶುರುವಾದ ವರ್ಷ ನಮ್ಮ ಬೀದಿಗೆ ಬಂದ ದರ್ಜಿ ಅತ್ತೆಯ ಬಾಯಿಗೆ ಬೀಗವೇ ಇರಲಿಲ್ಲ. ಹೊಲಿಗೆ ಮೆಷಿನ್ನು ತುಳಿಯುತ್ತಾ, ಗಂಡನ ಗೊರಕೆಯಿಂದ ಹಿಡಿದು ಪಕ್ಕದ ಮನೆ ಬೆಕ್ಕಿನ ಬಾಣಂತನದವರೆಗೆ ಬೀದಿಗೆಲ್ಲ ಕೇಳುವಂತೆ ಹರಟುತ್ತಿದ್ದರು. "ಸ್ವಲ್ಪ ಉಸಿರಾಡಿ ಅತ್ತೆ" ಅಂದರೆ, "ಸತ್ತ ಮೇಲೆ ಸುಮ್ಮನಿರೋದು ಇದ್ದೇ ಇದೆಯಲ್ಲೇ!" ಎನ್ನುತ್ತಿದ್ದರು. ಅವರ ಬಾಯಲ್ಲಿ ಎಳ್ಳೂ ನೆನೆಯುವುದಿಲ್ಲವೆಂದು ಯಾರೂ ಅವರಿಗೆ ಗುಟ್ಟು ಹೇಳುತ್ತಿರಲಿಲ್ಲ. ತಪಾಸಣೆಗೆ ಬಂದ ಪರದೇಶಿ ಸಿಪಾಯಿಗಳನ್ನೂ ಅವರವರ ಅಮ್ಮಂದಿರ ಮಂಡಿನೋವು ವಿಚಾರಿಸಿಯೇ ತಲೆ ಚಿಟ್ಟು ಹಿಡಿಸಿ ಓಡಿಸಿದ್ದರು. ನಾವು ಯುದ್ಧ ಗೆದ್ದ ದಿನ ಅತ್ತೆಯ ನೆಲಮಾಳಿಗೆಯಿಂದ ಮೂವರು ಹುಡುಗಿಯರು ಅಚ್ಚಿನ ಯಂತ್ರ ಹೊತ್ತು ಹೊರಬಂದರು. ಹೋರಾಟದ ಕರಪತ್ರಗಳೆಲ್ಲ ಅಚ್ಚಾಗಿದ್ದು ಅಲ್ಲೇ. ಆ ಯಂತ್ರದ ಸದ್ದು ಯಾರಿಗೂ ಕೇಳದಂತೆ ಮಾಡಿದ್ದು ಈ ಬಾಯಿ. ಅಂದಿನಿಂದ ಅತ್ತೆ ತುಟಿ ಬಿಚ್ಚದೆ ಹೊಲಿಯುತ್ತಾರೆ. "ಹುಷಾರಿಲ್ವಾ ಅತ್ತೆ?" ಎಂದು ಕೇಳಿದೆ. "ಚೆನ್ನಾಗಿದ್ದೀನಿ ಕಣೇ," ಎಂದು ಸೂಜಿಗೆ ದಾರ ಪೋಣಿಸಿದರು, "ನಂಗೆ ಚಿಕ್ಕಂದಿನಿಂದಲೂ ಮಾತು ಕಮ್ಮಿ."