ವಾಕಿಂಗ್ ವೀರನ ಎಡಗೈ

ನನಗೆ ಹಾವಿನ ಭಯವಿಲ್ಲ, ಹೆಂಡತಿಯ ಭಯವೂ ಅಷ್ಟಕ್ಕಷ್ಟೇ. ಬಿಪಿ ನೋಡುವ ಆ ಕಪ್ಪು ಪಟ್ಟಿ ಕಂಡರೆ ಮಾತ್ರ ಎದೆ ಡವಡವ ಅನ್ನುತ್ತದೆ. ನಮ್ಮಪ್ಪ ಕಣ್ಣು ಮುಚ್ಚಿದಾಗ ತೋಳಿನಲ್ಲಿ ಆ ಪಟ್ಟಿ ಹಾಗೇ ಇತ್ತು. ಇದನ್ನು ಹಿಂದೂಪುರದಲ್ಲಿ ಯಾರಿಗೂ ಹೇಳಿಲ್ಲ. ಹೇಳುವುದಾದರೂ ಹೇಗೆ? ಕಾಲೇಜು ಮೈದಾನದ ವಾಕಿಂಗ್ ಗುಂಪಿಗೆ ನಾನೇ ಕಾರ್ಯದರ್ಶಿ. ದಿನಕ್ಕೆ ಆರು ಸುತ್ತು ಹಾಕಿ, ಸಿಕ್ಕಸಿಕ್ಕವರಿಗೆಲ್ಲ ‘ನಡೀರಪ್ಪ, ನಡೀರಿ’ ಎಂದು ಉಪದೇಶ ಮಾಡುವವನು.

ಕಳೆದ ತಿಂಗಳು ಆಸ್ಪತ್ರೆಯವರು ಮೈದಾನಕ್ಕೇ ಬಂದು ಬಿಪಿ ನೋಡುತ್ತೇವೆ ಎಂದರು. ನಡೆಯುವವರು ಮುಂದೆ ನಿಂತರೆ ಊರೂ ಹಿಂದೆ ಬರುತ್ತದೆ ಎಂಬುದು ಅವರ ಎಣಿಕೆ. ಚಪ್ಪಾಳೆ ತಟ್ಟಿ ಒಪ್ಪಿದೆವು. ಆ ದಿನ ನೋಡಿ, ಒಬ್ಬರಿಗೆ ಲೇಪಾಕ್ಷಿಯಲ್ಲಿ ನಾಮಕರಣ, ನಮ್ಮ ಗುಂಪಿನ ರಾಮಪ್ಪನವರಿಗೆ ಗೋರಂಟ್ಲದ ಸಂತೆ, ನನಗೆ ನೆಗಡಿ. ಮೈದಾನ ಬಣಬಣ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಅದೇ ನಾವು.

ತೋಳು ಚಾಚಿದ್ದು ಗೇಟಿನ ಬಳಿ ಟೀ ಮಾರುವ ಓಬಳಮ್ಮ ಒಬ್ಬರೇ. ‘ಪಾಪ, ಬಂದವ್ರು ಸುಮ್ನೆ ಕುಂತವ್ರಲ್ಲ ಅಂತ ತೋರಿಸ್ಬುಟ್ಟೆ ಸಾರ್’ ಎಂದರು ಮರುದಿನ. ಬಿಪಿ ಜಾಸ್ತಿ ಇದೆ, ಆಸ್ಪತ್ರೆಗೆ ಬಾ ಅಂದಿದ್ದರಂತೆ. ‘ಕೈಕಾಲೇ ಆಡ್ತಿಲ್ಲ. ದಿನಾ ನಡಿಯೋರು ನೀವು, ನಿಮಗೇನ್ ಭಯ? ಜೊತೆಗೆ ಬನ್ನಿ ಸಾರ್.’

ನನಗೆ ನಾಚಿಕೆಯಾಯಿತು. ಅಲ್ಲ, ಆರೋಗ್ಯವೆಂಬುದು ಬೂಟು ಹಾಕಿದವರ ಸ್ವತ್ತೇ? ದಾರಿಹೋಕರಿಗೆಲ್ಲ ಬುದ್ಧಿ ಹೇಳಿದ ನಾನು ಇಷ್ಟು ವರ್ಷದಲ್ಲಿ ಆಕೆಗೆ ಹೇಳಿದ್ದು ‘ಸಕ್ಕರೆ ಕಮ್ಮಿ ಹಾಕಮ್ಮ’ ಎಂದಷ್ಟೇ. ಹೋದೆ.

ಆಸ್ಪತ್ರೆಯಲ್ಲಿ ನರ್ಸಮ್ಮ ನನಗೂ ಸ್ಟೂಲು ತೋರಿಸಿ ‘ಮೀರೂ ಕೂರ್ಚೋಂಡಿ ಸಾರ್’ ಎಂದು ತೆಲುಗಿನಲ್ಲಿ ಕೂರಲು ಹೇಳಿದಳು. ‘ನನಗ್ಯಾಕಮ್ಮ’ ಎಂದು ಬಾಗಿಲ ಕಡೆ ಸರಿದೆ. ‘ಕುಂತ್ಕಳಿ ಸಾರ್, ನೀವು ತೋರಿಸಿದ್ರೆ ನಂಗೂ ಧೈರ್ಯ’ ಎಂದರು ಓಬಳಮ್ಮ. ಇನ್ನೆಲ್ಲಿ ಓಡಲಿ? ಎಡಗೈ ಚಾಚಿ, ಅಪ್ಪನನ್ನು ನೆನೆದು ಕಣ್ಣು ಮುಚ್ಚಿದೆ. ನರ್ಸಮ್ಮ ಎರಡು ಸಲ ನೋಡಿದಳು, ಮೂರನೇ ಸಲಕ್ಕೆ ಡಾಕ್ಟರನ್ನೇ ಕರೆದಳು. ಓಬಳಮ್ಮನ ಬಿಪಿಗಿಂತ ನನ್ನದೇ ಜಾಸ್ತಿ!

ಮಾತ್ರೆ ಹಿಡಿದು ಹೊರಗೆ ಬಂದವನೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಓಬಳಮ್ಮನೂ ಪಕ್ಕದಲ್ಲೇ ಕೂತರು. ಆಮೇಲೆ, ‘ನಾಳೆಯಿಂದ ಅರ್ಧ ಗಂಟೆ ಸ್ಟವ್ ಆರಿಸ್ಬುಟ್ಟು ನಾನೂ ಬತ್ತೀನಿ. ನೀವು ಒಬ್ರೇ ನಡೀಬ್ಯಾಡಿ ಸಾರ್’ ಎಂದರು.

ಬಂದೇಬಿಟ್ಟರು, ಬರಿಗಾಲಲ್ಲಿ. ಎರಡನೇ ಸುತ್ತಿನಲ್ಲಿ ನನ್ನನ್ನು ಹಿಂದೆ ಹಾಕಿ, ತಿರುಗಿ ನಿಂತು, ಇಡೀ ಮೈದಾನಕ್ಕೆ ಕೇಳುವಂತೆ ‘ಬಿಪಿ ಮಾತ್ರೆ ನುಂಗಿದ್ರಾ ಸಾರ್?’ ಎಂದರು. ಅಯ್ಯೋ, ಕಾರ್ಯದರ್ಶಿಯ ಮಾನ ಹೋಯಿತು! ತಲೆ ತಗ್ಗಿಸಿ ‘ನುಂಗಿದೆ ಕಣಮ್ಮ’ ಎಂದೆ. ಗುಂಪಿನಲ್ಲಿ ಒಬ್ಬರೂ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಗೋರಂಟ್ಲ ಸಂತೆಯ ರಾಮಪ್ಪನವರು ಬಿರುಸಾಗಿ ನಡೆದು ನನ್ನ ಪಕ್ಕಕ್ಕೆ ಬಂದರು. ಅತ್ತಿತ್ತ ನೋಡಿ, ಮೆಲ್ಲಗೆ ಕೇಳಿದರು:

‘ಆಸ್ಪತ್ರೇಲಿ ಬಿಪಿ ನೋಡೋ ಆ ನರ್ಸಮ್ಮ ಎಷ್ಟೊತ್ತಿಗೆ ಬತ್ತಾಳಪ್ಪ?’